ಒಳಗಿನ ಕಂಪ್ಯೂಟರಿನ ಹಳದಿ ಗುರುತು

ಗುಬ್ಬಿಯ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಕ್ಕೆ, ಹಿಟ್ಟಿನ ಗಿರಣಿಯ ಪಕ್ಕದ ಮನೆಯಲ್ಲಿ ಮಹಿಳಾ ಸಂಘದವರ ಕಂಪ್ಯೂಟರ್ ಎಂಬ್ರಾಯ್ಡರಿ ಕೆಲಸ ನಡೆಯುತ್ತದೆ. ಮುಂದಿನ ಕೋಣೆಯಲ್ಲಿ ಹೊಲಿಯುವ ದೊಡ್ಡ ಮಿಶನ್ನು, ಹಿಂದಿನ ಕೋಣೆಯಲ್ಲಿ ಕಂಪ್ಯೂಟರು. ಆ ಕಂಪ್ಯೂಟರಿನ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೆಂಪು ಸ್ಟಿಕ್ಕರ್ ಬೊಟ್ಟೊಂದು ಅಂಟಿಕೊಂಡಿತ್ತು. ದೃಷ್ಟಿಯಾಗದಿರಲಿ ಎಂದು ಅಂಟಿಸಿದ್ದಲ್ಲ. ಅಲ್ಲಿ ದಿನವೂ ಒಂದು ಸಣ್ಣ ಹಳದಿ ಗುರುತು ಮೂಡಿ ಕೂತಿರುತ್ತಿತ್ತು. ನೋಡಿ ನೋಡಿ ಬೇಸತ್ತ ಸಂಘದ ಅಧ್ಯಕ್ಷೆ ಸುಬ್ಬಲಕ್ಷ್ಮಮ್ಮ, ಪರ್ಸಿನಲ್ಲಿದ್ದ ಬೊಟ್ಟಿನ ಹಾಳೆಯಿಂದ ಒಂದನ್ನು ಬಿಡಿಸಿ ಅದರ ಮೇಲೆ ಒತ್ತಿಬಿಟ್ಟಿದ್ದರು. ಆಮೇಲೆ ಯಾರಿಗೂ ಅದರ ಕಾಟವಿರಲಿಲ್ಲ.

ಆ ಕಂಪ್ಯೂಟರಿನ ಮುಂದೆ ಕೂರುವವಳು ಪ್ರೇಮಲತಾ. ಸೀರೆಯ ಅಂಚಿರಲಿ, ರವಿಕೆಯ ತೋಳಿರಲಿ, ಶಾಲೆ ಮಕ್ಕಳ ಅಂಗಿಯ ಬ್ಯಾಡ್ಜಿರಲಿ, ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ಕಡೆಗೆ ಓಡಬೇಕು ಎಂಬುದನ್ನು ಮೊದಲು ಅವಳು ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಗುರುತು ಹಾಕಬೇಕು. ಆಮೇಲೆ ಆ ಡಿಸೈನು ಪೆನ್‌ಡ್ರೈವ್ ಹತ್ತಿ ಮಿಶನ್ನಿಗೆ ಹೋಗುತ್ತದೆ. ಅವಳ ಅತ್ತೆ ಪುಟ್ಟಗಂಗಮ್ಮ ಬದುಕಿದ್ದಾಗ ಹಬ್ಬಕ್ಕೆ ಗೋಡೆಯ ಮೇಲೆ ಬರೆಯುತ್ತಿದ್ದ ರಾಗಿ ತೆನೆ, ತಂಗಡಿ ಹೂವಿನ ಬಳ್ಳಿ, ಜೋಡಿ ಗಿಳಿ ಎಲ್ಲವನ್ನೂ ಅವಳು ಹೀಗೆ ಹೊಲಿಗೆಗೆ ಇಳಿಸಿದ್ದಳು. ತುಮಕೂರಿನ ಅಂಗಡಿಯವರು ಗುಬ್ಬಿಯವರ ಅಂಚು ಬೇಕೆಂದು ಕೇಳಿ ಪಡೆಯುತ್ತಿದ್ದುದು ಅದೇ ಕಾರಣಕ್ಕೆ.

ಒಂದು ಸಲ ಆ ಡಿಸೈನುಗಳು ಹೋಗಿಬಿಟ್ಟಿದ್ದವು. ಹಳೆಯ ಕಂಪ್ಯೂಟರಿನಲ್ಲಿ ಯಾರೋ ಏನನ್ನೋ ಒತ್ತಿ ಅದಕ್ಕೆ ಹೊಸ ವಿಂಡೋಸ್ ಬಂದು ಕೂತಿತು. ಮಿಶನ್ನಿನ ಜೊತೆ ಕೊಟ್ಟಿದ್ದ ಡಿಸೈನ್ ಸಾಫ್ಟ್‌ವೇರು ಹಳೆಯ ವಿಂಡೋಸಿಗೆಂದೇ ಮಾಡಿದ್ದು, ಹೊಸದರಲ್ಲಿ ತೆರೆಯಲಿಲ್ಲ. ಸರಿಮಾಡುತ್ತೇನೆಂದು ಬಂದವನು ಅರ್ಧ ಡಿಸೈನುಗಳನ್ನು ಅಳಿಸಿ ಹೋದ. ಮದುವೆ ಸೀಜನ್ನಿನಲ್ಲಿ ಮಿಶನ್ ಬಟ್ಟೆ ಹೊದ್ದು ನಿಂತಿತು. ಕೊನೆಗೆ ತುಮಕೂರಿನ ಗಂಗಾಧರ್ ಎಂಬ ರಿಪೇರಿಯವನು ಒಂದು ಉಪಾಯ ಮಾಡಿದ. ಹೊಸ ಕಂಪ್ಯೂಟರ್ ತಂದು, ಅದರ ಒಳಗೇ ಒಂದು ಹಳೆಯ ಕಂಪ್ಯೂಟರನ್ನು ಕೂರಿಸಿಕೊಟ್ಟ. ವರ್ಚುವಲ್ ಮಷೀನ್ ಅನ್ನುತ್ತಾರಂತೆ ಅದಕ್ಕೆ. ಒಂದು ಕಿಟಕಿ ತೆರೆದರೆ ಅದರೊಳಗೆ ಹಳೆಯ ವಿಂಡೋಸು, ಹಳೆಯ ಸಾಫ್ಟ್‌ವೇರು, ಎಲ್ಲವೂ ಮೊದಲಿನ ಹಾಗೆಯೇ. ಸಂಘದವರು ಅದನ್ನು ಒಳಗಿನದು, ಹೊರಗಿನದು ಎಂದು ಕರೆಯತೊಡಗಿದರು.

ಕಳೆದುಹೋದ ಡಿಸೈನುಗಳನ್ನು ಪ್ರೇಮಲತಾ ಮತ್ತೆ ಕೂತು ಬರೆದಳು. ಅಡುಗೆ ಮುಗಿಸಿ ಬಂದು ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ಅವಳ ಕಣ್ಣು ಸೋತಿತ್ತು. ಡಾಕ್ಟರು ಕನ್ನಡಕ ಕೊಟ್ಟು, ಇನ್ನು ಮೇಲೆ ಸಣ್ಣ ಚುಕ್ಕಿಗಳನ್ನು ಹೊತ್ತುಗಟ್ಟಲೆ ನೋಡಬೇಡಿ ಎಂದರು. ಹಾಗಾಗಿ ಈಗ ಅವಳು ಹೊಸದನ್ನು ಬರೆಯುವುದು ಕಡಿಮೆ, ಇರುವುದನ್ನೇ ತಿದ್ದಿ ತಿರುಗಿಸಿ ಕೊಡುವುದು ಹೆಚ್ಚು. ಇರುವುದೂ ಹೋದರೆ ಮತ್ತೆ ಬರೆಯುವ ಶಕ್ತಿ ತನಗಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಪ್‌ಡೇಟ್ ಎಂಬ ಮಾತು ಪರದೆಯ ಮೇಲೆ ಬಂದರೆ ಸಾಕು, ಮುಚ್ಚಿಬಿಡುತ್ತಿದ್ದಳು.

ಸುಬ್ಬಲಕ್ಷ್ಮಮ್ಮನವರದ್ದು ಒಂದೇ ಮಾತು. "ನಡೀತಾ ಐತಲ್ಲ, ನಡೀಲಿ ಬುಡು. ಕೈ ಆಡ್ಸಕ್ಕೆ ಹೋಗ್ಬ್ಯಾಡ."

ಮೇ ತಿಂಗಳ ಕೊನೆ. ಕುಣಿಗಲ್ಲಿನ ಒಂದು ಶಾಲೆಯವರು ತರಗತಿಗೊಂದು ಡಿಸೈನಿನಂತೆ ಸಮವಸ್ತ್ರದ ಬ್ಯಾಡ್ಜಿಗೆ ಹೇಳಿದ್ದರು, ಶಾಲೆ ತೆರೆಯುವಷ್ಟರಲ್ಲಿ ಬೇಕು. ಅಂಥ ಒಂದು ಬೆಳಗ್ಗೆ ಪ್ರೇಮಲತಾ ಬಂದು ನೋಡಿದರೆ ಒಳಗಿನ ಕಂಪ್ಯೂಟರಿನ ಪರದೆ ಅಂಗೈಯಷ್ಟು ಕುಗ್ಗಿ ಮಧ್ಯದಲ್ಲಿ ಕೂತಿದೆ. ಮೌಸಿನ ಬಾಣ ಎಳೆದರೆ ತಡೆದು ತಡೆದು ಬರುತ್ತದೆ. ಒಳಗೆ ಮಾಡಿದ ಡಿಸೈನನ್ನು ಹೊರಕ್ಕೆ ದಾಟಿಸಲು ಎರಡಕ್ಕೂ ಸೇರಿದ ಒಂದು ಫೋಲ್ಡರ್ ಇತ್ತು, ಅದು ಕಾಣಿಸುತ್ತಲೇ ಇಲ್ಲ. ಹೊರಗಿನ ಕಂಪ್ಯೂಟರು ಹಿಂದಿನ ಸಂಜೆ ತನ್ನಷ್ಟಕ್ಕೆ ತಾನೇ ಏನನ್ನೋ ಹಾಕಿಕೊಂಡು ಆಫ್ ಆಗಿ ಆನ್ ಆಗಿತ್ತು. ಡಿಸೈನು ಒಳಗೆ ಉಳಿಯಿತು, ಮಿಶನ್ನು ಹೊರಗೆ ಕಾಯುತ್ತಿತ್ತು.

ಗಂಗಾಧರನಿಗೆ ಫೋನ್ ಹಚ್ಚಿದಳು. ಅವನು ಯಾವುದೋ ಊರಿನಲ್ಲಿ ಕ್ಯಾಮೆರಾ ಹಾಕುವ ಕೆಲಸದಲ್ಲಿದ್ದ. ಬರೋದಕ್ಕೆ ಆಗಲ್ಲ ಅಕ್ಕ ಎಂದು, ಒಂದು ದಾರಿ ಹೇಳಿದ. ಒಳಗಿನದಕ್ಕೆ ಇಂಟರ್‌ನೆಟ್ ಬಿಟ್ಟುಬಿಡಿ, ಡಿಸೈನನ್ನು ಮೇಲ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ, ಹೊರಗಿನದರಲ್ಲಿ ತೆಗೆದುಕೊಳ್ಳಿ ಎಂದ. ಆ ಒಳಗಿನ ಹಳೆಯದಕ್ಕೆ ಇಂಟರ್‌ನೆಟ್ ಕೊಡಬೇಡಿ ಎಂದು ಮೊದಲು ಹೇಳಿದ್ದವನೂ ಅವನೇ. ಪ್ರೇಮಲತಾಗೆ ಅದು ನೆನಪಾಯಿತು, ಕೇಳಲಿಲ್ಲ. ಮಿಶನ್ನಿನ ಮುಂದೆ ಇಬ್ಬರು ಹೆಂಗಸರು ಕೈ ಕಟ್ಟಿ ಕೂತಿದ್ದರು. ಅವನು ಹೇಳಿದ ಹಾಗೆ ಮಾಡಿದಳು. ಈ ಪುಟ ಸುರಕ್ಷಿತವಲ್ಲ ಎಂದು ಬಂದದ್ದನ್ನೆಲ್ಲ ಪಕ್ಕಕ್ಕೆ ತಳ್ಳುತ್ತಾ ಹೋದಳು. ಡಿಸೈನು ಬಂತು, ಮಿಶನ್ ಓಡಿತು. ಮಾರನೆಯ ದಿನವೂ ಹಾಗೇ ಮಾಡಿದಳು.

ಆ ವಾರ ರಜೆಯ ದಿನ ಅವಳ ನಾದಿನಿ ಭಾನುಪ್ರಿಯಾ ತವರಿಗೆ ಬಂದಳು. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳು. ಹಲಸಿನ ಹಣ್ಣು ಒಯ್ಯಲು ಬಂದಿದ್ದಳು. ಮನೆಯಲ್ಲಿ ಅತ್ತಿಗೆ ಕಾಣದೆ ಸಂಘದ ಕಡೆಗೇ ನಡೆದುಬಂದಳು. ಅವಳೂ ದಣಿದಿದ್ದಳು. ವಾರವಿಡೀ ಕಾರ್ಖಾನೆಯ ಕಂಪ್ಯೂಟರುಗಳಿಗೆ ಇದೇ ಅಪ್‌ಡೇಟ್ ಕೆಲಸ ಮಾಡಿಸಿ, ಕೆಲಸ ನಿಂತು ಕಾದ ಪಾಳಿಯವರ ಬೈಗುಳ ತಿಂದು ಬಂದಿದ್ದಳು. ಕುರ್ಚಿ ಎಳೆದು ಕೂತವಳ ಕಣ್ಣು ಮೊದಲು ಬಿದ್ದದ್ದು ಬೊಟ್ಟಿನ ಮೇಲೆ.

"ಇದ್ಯಾವ ಶಾಸ್ತ್ರ ಅತ್ತಿಗೆ, ಕಂಪ್ಯೂಟ್ರಿಗೂ ಮುತ್ತೈದೆತನ ಬಂತಾ?"

"ಸುಬ್ಬಕ್ಕ ಇಟ್ಟಿದ್ದು. ಹಳದಿ ಚುಕ್ಕೆ ಕಣ್ಣಿಗೆ ಹೊಡೀತಿತ್ತು."

ಭಾನುಪ್ರಿಯಾ ನಗುತ್ತಾ ಉಗುರಿನಿಂದ ಬೊಟ್ಟು ಕೀಳಿದಳು. ಅಡಿಯಲ್ಲಿ ಏನೂ ಇರಲಿಲ್ಲ, ಹಳದಿ ಗುರುತು ಕುಗ್ಗಿದ ಒಳಪರದೆಯ ಮೂಲೆಗೆ ಸರಿದು ಕೂತಿತ್ತು. ಅದರ ಪಕ್ಕದಲ್ಲಿ ಇಂಟರ್‌ನೆಟ್ಟಿನ ಗುರುತನ್ನೂ ಕಂಡಳು. ನಗು ಅಲ್ಲಿಗೆ ನಿಂತಿತು. ಮೊದಲು ಒಳಗಿನದರ ಇಂಟರ್‌ನೆಟ್ ಮುಚ್ಚಿದಳು. ಆಮೇಲೆ ಏನಾಯಿತೆಂದು ಕೇಳಿದಳು. ಪ್ರೇಮಲತಾ ಎಲ್ಲವನ್ನೂ ಹೇಳಿದಳು.

ಸುಬ್ಬಲಕ್ಷ್ಮಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು. ಭಾನುಪ್ರಿಯಾ ಇಬ್ಬರಿಗೂ ಕೇಳುವಂತೆ ನಿಧಾನವಾಗಿ ಬಿಡಿಸಿ ಹೇಳಿದಳು. ಒಳಗಿನ ಕಂಪ್ಯೂಟರಿಗೂ ಹೊರಗಿನದಕ್ಕೂ ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಲ್ಲ, ಅದಕ್ಕೆಂದೇ ಒಳಗಡೆ ಒಂದು ಸಣ್ಣ ಸಾಫ್ಟ್‌ವೇರ್ ಇರುತ್ತದೆ. ಗೆಸ್ಟ್ ಟೂಲ್ಸ್ ಅನ್ನುತ್ತಾರೆ. ಪರದೆ ಅಗಲವಾಗಿ ಕಾಣುವುದು, ಬಾಣ ಸಲೀಸಾಗಿ ಓಡುವುದು, ಫೋಲ್ಡರ್ ಹಂಚಿಕೊಳ್ಳುವುದು ಎಲ್ಲ ಅದರ ಕೆಲಸ. ಹಳದಿ ಗುರುತು ಹೇಳುತ್ತಿದ್ದುದು ಅದು ಹಳೆಯದಾಗಿದೆ ಎಂದು.

"ಅತ್ತಿಗೆ, ಮಿಶನ್‌ಗೆ ಮೇಲಿನ ದಾರ ಬೇರೆ ಹಾಕಿ ಕೆಳಗಿನ ಬಾಬಿನ್ ದಾರ ಹಳೇದೇ ಬಿಟ್ರೆ ಏನಾಗತ್ತೆ?"

"ಹೊಲಿಗೆ ಬಿಗಿ ಆಗಲ್ಲ. ಕೆಳಗಡೆ ಗಂಟು ಕಟ್ಕತದೆ."

"ಇಲ್ಲೂ ಅದೇ. ಹೊರಗಿನದು ಹೊಸದಾಯ್ತು, ನಡುವಿನದು ಹಳೇದೇ ಉಳೀತು."

ಬರೀ ಅಷ್ಟೇ ಆಗಿದ್ದರೆ ತಾನು ಹಣ್ಣು ತಗೊಂಡು ಹೋಗಿಬಿಡುತ್ತಿದ್ದೆ ಎಂದಳು. ಹಳೆಯ ಟೂಲ್ಸ್‌ನಲ್ಲಿ ತೂತುಗಳಿರುತ್ತವೆ. ಗೊತ್ತಾದಾಗ ಮಾಡಿದ ಕಂಪನಿಯವರೇ ಇಂಥ ಕಡೆ ತೂತಿದೆ ಎಂದು ಪ್ರಕಟಿಸಿ, ಮುಚ್ಚಿ, ಹೊಸದನ್ನು ಕೊಡುತ್ತಾರೆ. ಹಾಕಿಕೊಳ್ಳದೆ ಕೂತವರ ಮನೆಯಲ್ಲಿ ತೂತು ಹಾಗೆಯೇ ಇರುತ್ತದೆ, ಎಲ್ಲಿದೆ ಎಂಬುದು ಕಳ್ಳರಿಗೂ ಗೊತ್ತಾಗಿರುತ್ತದೆ. ಅಂಥದ್ದಕ್ಕೆ ಇಂಟರ್‌ನೆಟ್ ಬೇರೆ ಬಿಟ್ಟಿದ್ದೀರಿ ಎಂದಳು.

ಸುಬ್ಬಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮ ರವಿಕೆ ಡಿಸೈನ್ ಕದ್ದು ಯಾವೋನು ಏನ್ ಮಾಡ್ಕೊಂಡಾನು? ಉಟ್ಕೊತಾನಾ?"

"ಕದಿಯಲ್ಲ ಸುಬ್ಬಕ್ಕ. ಬೀಗ ಹಾಕ್ತಾರೆ. ವಸ್ತು ನಿಮ್ಮ ಮನೇಲೇ ಇರತ್ತೆ, ಬೀಗದ ಕೈ ಅವರತ್ರ. ದುಡ್ಡು ಕೊಟ್ರೂ ತೆಗೀತಾರೆ ಅನ್ನೋ ಗ್ಯಾರಂಟಿ ಇಲ್ಲ."

ಕಾಪಿ ಎಲ್ಲಿದೆ ಎಂದು ಅವಳು ಅತ್ತಿಗೆಯನ್ನು ಕೇಳಿದಳು. ಇದೆಯಲ್ಲ ಎಂದು ಪ್ರೇಮಲತಾ ತುಸು ಹೆಮ್ಮೆಯಿಂದಲೇ ತೋರಿಸಿದಳು. ಒಳಗಿನ ಕಂಪ್ಯೂಟರಿನಲ್ಲೇ ಇನ್ನೊಂದು ಫೋಲ್ಡರ್ ಮಾಡಿ, ಕಾಪಿ ಎಂದು ಹೆಸರಿಟ್ಟು, ಎಲ್ಲ ಡಿಸೈನನ್ನೂ ಅದರೊಳಗೆ ಇಟ್ಟಿದ್ದಳು. ಭಾನುಪ್ರಿಯಾ ಹಣೆ ಒತ್ತಿಕೊಂಡಳು.

"ಒಂದೇ ಪೆಟ್ಟಿಗೇಲಿ ಎರಡು ಗಂಟು ಇಟ್ಟಂಗಾಯ್ತಲ್ಲ ಅತ್ತಿಗೆ. ಪೆಟ್ಟಿಗೆ ಹೋದ್ರೆ ಎರಡೂ ಹೋದ್ವು. ಈಗ್ಲೇ ಹೊರಗೊಂದು ಕಾಪಿ ತೆಗ್ದು ಅಪ್‌ಡೇಟ್ ಮಾಡ್ಬಿಡೋಣ."

ಕಾಪಿಯೂ ಬೇಡ, ಅಪ್‌ಡೇಟೂ ಬೇಡ, ಕಂಪ್ಯೂಟರ್ ಮುಟ್ಟಕೂಡದು ಎಂದು ಸುಬ್ಬಲಕ್ಷ್ಮಮ್ಮ ಅಂದರು. ಅವರು ಹಾಗೆ ಅನ್ನುತ್ತಾರೆಂದು ಭಾನುಪ್ರಿಯಾಗೆ ಗೊತ್ತೇ ಇತ್ತು. ಅತ್ತಿಗೆಯ ಕಡೆ ನೋಡಿದಳು. ಪ್ರೇಮಲತಾ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದಳು.

"ನಿಂಗೆ ಹೇಳೋದು ಸುಲಭ ಕಣೇ ಭಾನು. ಹೋದ್ರೆ ಬರಿಯೋಳು ನಾನು. ನಂಗೀಗ ಸೂಜಿಗೆ ದಾರ ಪೋಣ್ಸಾಕೂ ಬೇರೆಯೋರು ಬೇಕು. ನಿಮ್ಮವ್ವನ್ನ ಕೇಳಣ ಅಂದ್ರೆ ಅವ್ರೂ ಇಲ್ಲ."

ಭಾನುಪ್ರಿಯಾ ಕಿತ್ತ ಬೊಟ್ಟನ್ನು ಮೇಜಿಗೆ ಅಂಟಿಸಿ ಎದ್ದಳು. ಇಂಟರ್‌ನೆಟ್ ಮಾತ್ರ ಮತ್ತೆ ತೆರೆಯಬೇಡಿ ಎಂದು ಹೇಳಿ, ಹಲಸಿನ ಹಣ್ಣನ್ನು ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಹೋದಳು. ಮಾರನೆಯ ಬೆಳಗ್ಗೆ ಪ್ರೇಮಲತಾ ಇಂಟರ್‌ನೆಟ್ ತೆರೆದಳು. ಬೇರೆ ದಾರಿ ಇರಲಿಲ್ಲ. ಬ್ಯಾಡ್ಜು ಮುಗಿಯಬೇಕಿತ್ತು.

ಬ್ಯಾಡ್ಜಿನ ಮೊದಲ ಕಂತನ್ನು ಕುಣಿಗಲ್ಲಿಗೆ ಮುಟ್ಟಿಸಲು ಅವಳೇ ಹೊರಟಳು. ತುಮಕೂರಿನಲ್ಲಿ ಬಸ್ ಬದಲಿಸಿ, ಹೆಬ್ಬೂರಿನ ತನಕ ನಿಂತೇ ಹೋಗಿ, ಶಾಲೆಯಲ್ಲಿ ಗಂಟು ಇಳಿಸುವಷ್ಟರಲ್ಲಿ ಬಿಸಿಲು ಏರಿತ್ತು. ವಾಪಸು ಬರುವಾಗ ಮೂಡಲಗಿರಿಯಪ್ಪನವರ ಪ್ರೆಸ್ಸಿಗೆ ಹೋದಳು. ಕುಣಿಗಲ್ಲಿನ ಸುತ್ತ ಮದುವೆ ಕಾಗದ, ಗೃಹಪ್ರವೇಶದ ಕಾಗದ ಅಚ್ಚು ಹಾಕುವವರು ಅವರು. ಸಂಘದ ಸೀರೆಗಳಿಗೆ ಕಟ್ಟುವ ಚೀಟಿಗಳೂ ಅವರಲ್ಲೇ ಆಗುತ್ತಿದ್ದವು. ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರು ಹಳೆಯ ಕಾಲದ್ದು, ಅವರಿಗೂ ಗಂಗಾಧರನೇ ಒಳಗೊಂದು ಕಂಪ್ಯೂಟರ್ ಮಾಡಿಕೊಟ್ಟಿದ್ದ.

ಪ್ರೆಸ್ಸಿನಲ್ಲಿ ಸದ್ದೇ ಇರಲಿಲ್ಲ. ಮೂಡಲಗಿರಿಯಪ್ಪ ಒಂದು ರಾಶಿ ಹಳೆಯ ಮದುವೆ ಕಾಗದಗಳನ್ನು ಮುಂದೆ ಹರಡಿಕೊಂಡು, ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಚೀಟಿ ಈಗಾಗಲ್ಲ ಕಣಮ್ಮ ಎಂದರು. ಏಕೆಂದು ಕೇಳಿದ್ದಕ್ಕೆ ಪಕ್ಕದ ಕಂಪ್ಯೂಟರಿನ ಕಡೆ ಗಲ್ಲ ಎತ್ತಿ ತೋರಿಸಿದರು. ಪರದೆ ತುಂಬ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಅಡಿಯಲ್ಲಿ ದುಡ್ಡು ಕಳಿಸುವ ವಿಳಾಸ.

ಗಿರಾಕಿ ಕಳಿಸಿದ ಫೋಟೊ ಇರಬೇಕೆಂದು ಒಳಗಿನದರಲ್ಲಿ ಒಂದು ಫೈಲ್ ತೆರೆದಿದ್ದರಂತೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಳಗಿನದೆಲ್ಲ ಬೀಗ. ಅನುಕೂಲಕ್ಕೆಂದು ಹೊರಗಿನ ಕಂಪ್ಯೂಟರಿನ ಇಡೀ ಡ್ರೈವನ್ನೇ ಒಳಗಿನದರ ಜೊತೆ ಹಂಚಿಕೊಂಡಿದ್ದರು, ಹಾಗಾಗಿ ಹೊರಗಿನದಕ್ಕೂ ಬೀಗ ಬಿತ್ತು. ಊರಿನವರ ಮದುವೆ, ನಾಮಕರಣ, ತಿಥಿಯ ಕಾಗದಗಳೆಲ್ಲ ಅದರೊಳಗಿದ್ದವು. ಈಗ ಪರಿಚಯದ ಮನೆಗಳಿಂದ ಹಳೆಯ ಕಾಗದಗಳನ್ನು ಬೇಡಿ ತಂದು, ನೋಡಿಕೊಂಡು ಮತ್ತೆ ಮಾಡುತ್ತಿದ್ದರು.

"ಹಳದಿ ಗುರುತು ಬರ್ತಿತ್ತು ಕಣಮ್ಮ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಮೇಲೆ ನೋಡಣ ಅಂತ ದಿನಾ ಒತ್ತತಾ ಇದ್ದೆ. ಈಗ ಈ ಟೈಪಿಂಗು ಇವತ್ತು ಮುಗೀತದೆ, ನಾಳೆ ಮುಗೀತದೆ ಅಂತ ಕೂತಿದೀನಿ. ಮುಗಿಯಾದಲ್ಲ ಇದು."

ಅವರ ಕನ್ನಡಕದ ಗಾಜು ತನ್ನದಕ್ಕಿಂತ ದಪ್ಪವಿರುವುದನ್ನು ಪ್ರೇಮಲತಾ ಕಂಡಳು. ಕೂತುಕೋ ಎಂದರೂ ಕೂರಲಿಲ್ಲ. ರಸ್ತೆಗೆ ಬಂದು ಸುಬ್ಬಲಕ್ಷ್ಮಮ್ಮನವರಿಗೆ ಫೋನ್ ಮಾಡಿದಳು. ಗೋಡೆಯ ಹತ್ತಿರವಿರುವ ಇಂಟರ್‌ನೆಟ್ ಡಬ್ಬಿಯ ವಯರ್ ಕೀಳಿ, ಕಂಪ್ಯೂಟರ್ ಹತ್ತಿರ ಯಾರನ್ನೂ ಬಿಡಬೇಡಿ ಎಂದಳು. ಅವರು ಏಕೆ ಏಕೆ ಎಂದು ಕೇಳುತ್ತಲೇ ಇದ್ದರು.

"ಬಂದು ಹೇಳ್ತೀನಿ ಸುಬ್ಬಕ್ಕ. ಮೊದ್ಲು ಕೀಳಿ."

ಗುಬ್ಬಿ ಮುಟ್ಟುವ ತನಕ ಅವಳಿಗೆ ಒಂದೇ ಯೋಚನೆ. ಇಷ್ಟು ದಿನ ತಾನು ತಳ್ಳಿಹಾಕಿದ ಎಚ್ಚರಿಕೆಗಳಲ್ಲಿ ಯಾವುದರ ಹಿಂದೆ ಏನಿತ್ತೋ. ಈ ಹೊತ್ತಿಗೆ ರಾಗಿ ತೆನೆಗೂ ಬೀಗ ಬಿದ್ದಿದೆಯೋ ಏನೋ. ಬಿದ್ದಿದ್ದರೆ ತಾನು ಮೂಡಲಗಿರಿಯಪ್ಪನವರ ಹಾಗೆ ಯಾರ ಮನೆಯ ಹಳೆಯ ಸೀರೆ ಬೇಡಿ ತಂದು, ಅಂಚಿನ ಹೊಲಿಗೆ ಎಣಿಸುತ್ತಾ ಕೂರುವುದು. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಆದರೂ ಕಣ್ಣು ಮುಚ್ಚಲಾಗಲಿಲ್ಲ.

ಏನೂ ಆಗಿರಲಿಲ್ಲ. ಒಂದೊಂದೇ ಡಿಸೈನ್ ತೆರೆದು ನೋಡಿದಳು, ಎಲ್ಲವೂ ತೆರೆದವು. ಪಕ್ಕದಲ್ಲಿ ನಿಂತಿದ್ದ ಸುಬ್ಬಲಕ್ಷ್ಮಮ್ಮನವರಿಗೆ ಕುಣಿಗಲ್ಲಿನದನ್ನೆಲ್ಲ ಹೇಳಿದಳು. ಅವರು ಎಲ್ಲವನ್ನೂ ಕೇಳಿ, ಆದ್ರೂ ಕಣಮ್ಮ, ಮುಟ್ಟಿ ಕೆಟ್ರೆ ಎಂದರು. ಪ್ರೇಮಲತಾಗೂ ಅದೇ ಭಯ. ಆದರೆ ಈಗ ಮುಟ್ಟದಿದ್ದರೂ ಭಯವೇ ಎಂಬುದು ಅವಳಿಗೆ ತಿಳಿದಿತ್ತು.

"ಅಮಾಸೆ ದಿನ ಮಿಶನ್ ನಿಲ್ಸಿ, ಬಿಚ್ಚಿ, ದಾರದ ಜುಂಗು ತೆಗ್ದು ಎಣ್ಣೆ ಬುಡ್ತೀವಲ್ಲ ಸುಬ್ಬಕ್ಕ. ಅವತ್ತೂ ನಡೀತಿರೋ ಮಿಶನ್ನೇ ಅಲ್ವಾ ಅದು?"

"ಅದು ಕ್ಲೀನು. ಅಮಾಸೆಲಿ ಹೊಸ ಕೆಲ್ಸ ಮಾಡಲ್ಲ."

"ಇದೂ ಕ್ಲೀನೇ. ಹೊಸ್ದೇನೂ ಶುರು ಮಾಡ್ತಿಲ್ಲ. ಒಳಗಡೇದು ಇಷ್ಟು ದಿನ ಬುಟ್ಟಿದ್ವಿ, ಅಷ್ಟೇ."

ಸುಬ್ಬಲಕ್ಷ್ಮಮ್ಮ ಮಿಶನ್ನಿನ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಪ್ರೇಮಲತಾ ನಾದಿನಿಗೆ ಫೋನ್ ಹಚ್ಚಿಯಾಗಿತ್ತು.

ಅಮಾವಾಸ್ಯೆಯ ದಿನ ಭಾನುಪ್ರಿಯಾ ರಜೆ ಹಾಕಿ ಬಂದಳು. ಜೊತೆಗೆ ತನ್ನ ಲ್ಯಾಪ್‌ಟಾಪ್, ಒಂದು ಖಾಲಿ ಹಾರ್ಡ್‌ಡಿಸ್ಕ್. ಮೊದಲು ಕಂಪ್ಯೂಟರನ್ನು ಆಂಟಿವೈರಸ್ಸಿನಿಂದ ಪೂರ್ತಿ ಜಾಲಾಡಿಸಿದಳು. ಒಳಗಿನ ಕಂಪ್ಯೂಟರನ್ನು ಸರಿಯಾಗಿ ಆಫ್ ಮಾಡಿ, ಅದನ್ನು ಇಡಿಯಾಗಿ, ಇದ್ದದ್ದು ಇದ್ದ ಹಾಗೆ, ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದಳು. ಹೊತ್ತು ಹಿಡಿಯಿತು. ಹೆಂಗಸರು ಆಚೆ ಮಿಶನ್ ಬಿಚ್ಚಿ ಬ್ರಷ್ ಹಾಕುತ್ತಿದ್ದರು. ಕಾಪಿ ಮುಗಿದ ಮೇಲೆ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಇಂಟರ್‌ನೆಟ್ ಮುಚ್ಚಿ, ಅತ್ತಿಗೆಯನ್ನು ಕರೆದಳು.

"ತೆಗೀರಿ. ಕಾಪಿ ಆಯ್ತು ಅಂತ ನಂಬ್ಬಾರ್ದು, ತೆಗ್ದು ನೋಡ್ಬೇಕು."

ಪ್ರೇಮಲತಾ ಅಂಜುತ್ತಲೇ ಒತ್ತಿದಳು. ಬೇರೆಯದೇ ಕಂಪ್ಯೂಟರಿನಲ್ಲಿ ಒಳಗಿನದು ತೆರೆಯಿತು. ಅದರಲ್ಲಿ ಅತ್ತೆಯ ಜೋಡಿ ಗಿಳಿ, ತಂಗಡಿ ಬಳ್ಳಿ. ರಾಗಿ ತೆನೆಯ ಒಂದು ಕಾಳು ಸ್ವಲ್ಪ ವಾರೆಯಾಗಿ ಬರೆದಿದ್ದಳು, ಅದೂ ಹಾಗೆಯೇ ಇತ್ತು. ಅವಳು ಹಾಗೇ ನೋಡುತ್ತಾ ನಿಂತಳು. ಭುಜದ ಮೇಲೆ ಎಷ್ಟೋ ವರ್ಷದಿಂದ ಇದ್ದ ಭಾರವನ್ನು ಯಾರೋ ಒಂದು ಕೈ ಹಿಡಿದು ಹಗುರ ಮಾಡಿದಂತಾಯಿತು.

"ಇನ್ನು ನೀನು ಏನ್ ಬೇಕಾದ್ರೂ ಮಾಡ್ಕೋ," ಎಂದಳು.

ಭಾನುಪ್ರಿಯಾ ಸಂಘದ ಕಂಪ್ಯೂಟರಿಗೆ ಬಂದಳು. ಕೆಟ್ಟರೆ ಹಿಂದಿನ ಸ್ಥಿತಿಗೇ ಮರಳಲು ಆಗುವಂತೆ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಳು. ಒಳಗಿನದರ ಇಂಟರ್‌ನೆಟ್ ಮುಚ್ಚಿಟ್ಟು, ಡಬ್ಬಿಯ ವಯರ್ ಮತ್ತೆ ಸಿಕ್ಕಿಸಿ, ಹೊರಗಿನದರಲ್ಲಿ ವರ್ಚುವಲ್ ಮಷೀನ್ ನಡೆಸುವ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿದಳು. ಆಮೇಲೆ ಒಳಗಿನದರಲ್ಲಿ ಹೊಸ ಟೂಲ್ಸ್ ಹಾಕಹೋದರೆ, ಈ ಹಳೆಯ ವಿಂಡೋಸಿಗೆ ಇದು ಆಗುವುದಿಲ್ಲ ಎಂದು ಬಂತು.

ಬಾಗಿಲಿನಿಂದ ಸುಬ್ಬಲಕ್ಷ್ಮಮ್ಮನವರ ದನಿ ಕೇಳಿತು. "ನಾನೇಳ್ಲಿಲ್ವಾ."

ಭಾನುಪ್ರಿಯಾ ತಿರುಗಲಿಲ್ಲ. ಎಲ್ಲಕ್ಕಿಂತ ಹೊಸದೇ ಎಲ್ಲದಕ್ಕೂ ಒಗ್ಗುತ್ತದೆ ಎಂದೇನಿಲ್ಲ ಎಂದಳು. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ, ಯಾವ ವಿಂಡೋಸಿಗೆ ಯಾವ ಆವೃತ್ತಿ ಎಂಬುದನ್ನು ಓದಿ, ಇವರ ಹಳೆಯದಕ್ಕೆ ಆಗುವ ಕೊನೆಯ ಆವೃತ್ತಿಯನ್ನು ಇಳಿಸಿಕೊಂಡಳು. ಯೂಟ್ಯೂಬ್ ವಿಡಿಯೊದ ಕೆಳಗೆ ಕೊಟ್ಟದ್ದು, ವಾಟ್ಸ್ಯಾಪಿನಲ್ಲಿ ಬಂದದ್ದು ಯಾವುದನ್ನೂ ಹಾಕಬಾರದು, ರೋಗ ಬರುವುದೇ ಅಲ್ಲಿಂದ ಎಂದಳು. ಹಾಕಿ ಮುಗಿದ ಮೇಲೆ ಒಳಗಿನದು ಮತ್ತೆ ಆನ್ ಆಗಬೇಕಿತ್ತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ಪ್ರೇಮಲತಾ ಆಚೆಗೆ ಹೋಗಿ ಮಿಶನ್ನಿನ ಸೂಜಿಪಟ್ಟಿಗೆ ಎಣ್ಣೆ ಬಿಡತೊಡಗಿದಳು. ಒಂದು ಹನಿಯೂ ಆಚೀಚೆ ಬೀಳಲಿಲ್ಲ. ಕೆಟ್ಟರೂ ಹಾರ್ಡ್‌ಡಿಸ್ಕಿನಲ್ಲಿ ಅದಿದೆ ಎಂಬುದು ಅವಳ ಕೈಗೂ ಗೊತ್ತಿದ್ದ ಹಾಗಿತ್ತು. ಸ್ವಲ್ಪ ಹೊತ್ತಿಗೆ ಭಾನುಪ್ರಿಯಾ ಕರೆದಳು. ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಒಳಗಿನ ಪರದೆ ಅಗಲವಾಗಿ ತೆರೆದುಕೊಂಡಿತ್ತು. ಬಾಣ ತಡೆಯದೆ ಓಡಿತು. ಮೂಲೆಯಲ್ಲಿ ಹಳದಿ ಇರಲಿಲ್ಲ. ಹಂಚಿಕೊಳ್ಳಲು ಒಂದೇ ಒಂದು ಫೋಲ್ಡರ್ ಇಟ್ಟು, ಬೇರೇನನ್ನೂ ಒಳಗಿನದಕ್ಕೆ ಕಾಣದಂತೆ ಮಾಡಿದ್ದಳು. ಇಂಟರ್‌ನೆಟ್ ಮುಚ್ಚೇ ಇತ್ತು.

ಇದರಿಂದ ಎಲ್ಲ ಗಂಡಾಂತರವೂ ಕಳೆಯಿತು ಎಂದು ಅವಳು ಹೇಳಲಿಲ್ಲ. ಒಳಗಿನ ಹಳೆಯ ವಿಂಡೋಸಿಗೆ ಇನ್ನು ಯಾರೂ ರಿಪೇರಿ ಕೊಡುವುದಿಲ್ಲ, ಅದಕ್ಕೆ ಇಂಟರ್‌ನೆಟ್ ಕೊಡಲೇಬೇಡಿ, ಹೊರಗಿನಿಂದ ಬಂದ ಪೆನ್‌ಡ್ರೈವನ್ನು ಪರೀಕ್ಷೆ ಮಾಡದೆ ಸಿಕ್ಕಿಸಬೇಡಿ, ಕೈಗೂಡಿದ ದಿನ ಹೊಸ ವಿಂಡೋಸಿನಲ್ಲಿ ಓಡುವ ಸಾಫ್ಟ್‌ವೇರನ್ನೇ ಕೊಳ್ಳಿ ಎಂದಳು. ಮೂಡಲಗಿರಿಯಪ್ಪನವರು ಬರೀ ಅಪ್‌ಡೇಟ್ ಮಾಡಿದ್ದರೆ ಉಳಿಯುತ್ತಿದ್ದರಾ ಎಂದು ಪ್ರೇಮಲತಾ ಕೇಳಿದಳು. ಗೊತ್ತಿಲ್ಲ ಅತ್ತಿಗೆ ಎಂದಳು ಭಾನುಪ್ರಿಯಾ. ಹೊರಗೊಂದು ಕಾಪಿ ಇದ್ದಿದ್ದರೆ ಈಗ ಟೈಪ್ ಮಾಡುತ್ತಾ ಕೂರುತ್ತಿರಲಿಲ್ಲ, ಅಷ್ಟು ಗೊತ್ತು ಎಂದಳು.

ಹಾರ್ಡ್‌ಡಿಸ್ಕ್ ಎಲ್ಲಿಡುವುದೆಂಬ ಮಾತು ಬಂತು. ಕಂಪ್ಯೂಟರಿನ ಪಕ್ಕದಲ್ಲಿ ಬೇಡ, ಬೇರೆ ಮನೆಯಲ್ಲಿರಲಿ ಎಂದಳು ಭಾನುಪ್ರಿಯಾ. ಸುಬ್ಬಲಕ್ಷ್ಮಮ್ಮ ಕೈ ಚಾಚಿದರು. ಅದನ್ನು ಒಂದು ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡು, "ನಮ್ಮನೇಲಿರ್ತದೆ. ತಿಂಗ್ಳು ತಿಂಗ್ಳು ತರ್ತೀನಿ, ಹೊಸ್ದು ಏನಿದ್ರೆ ತುಂಬ್ಕೋ," ಎಂದರು.  

ಉಳಿದ ಬ್ಯಾಡ್ಜುಗಳು ಶಾಲೆ ತೆರೆಯುವ ಮುಂಚೆ ಮುಗಿದವು. ಆ ಕೆಲಸ ಮುಗಿದ ಸಂಜೆ ಪ್ರೇಮಲತಾ ಕನ್ನಡಕ ತೆಗೆದಿಟ್ಟು ಗೋಡೆಗೆ ಒರಗಿ ಕೂತಳು. ಮನೆಗೆ ಹೋಗಿ ಅಡುಗೆ ಮಾಡಬೇಕಿತ್ತು. ಕೂತಲ್ಲೇ ನಿದ್ದೆ ಬಂತು. ಸುಬ್ಬಲಕ್ಷ್ಮಮ್ಮ ಎಬ್ಬಿಸಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಅಂಗಡಿಯಲ್ಲೋ ಸಂಘದಲ್ಲೋ ಕಂಪ್ಯೂಟರಿನೊಳಗೊಂದು ಹಳೆಯ ಕಂಪ್ಯೂಟರ್ ಇದ್ದರೆ, ಅದು ಓಡುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ಅದರ ಗೆಸ್ಟ್ ಟೂಲ್ಸ್ ಹಳೆಯದಾಗಿದೆಯೇ ನೋಡಿ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ, ಅಂದು ಮೊದಲು ಹೊರಗೊಂದು ಕಾಪಿ ತೆಗೆದು ಅದು ತೆರೆಯುತ್ತದೆಯೇ ನೋಡಿ, ಆಮೇಲೆ ನಿಮ್ಮ ವಿಂಡೋಸಿಗೆ ಒಗ್ಗುವ ಅಪ್‌ಡೇಟನ್ನು ಕಂಪನಿಯ ಜಾಗದಿಂದಲೇ ತಂದು ಹಾಕಿ. ತಿಳಿಯದಿದ್ದರೆ ತಿಳಿದವರನ್ನು ಕೂರಿಸಿಕೊಂಡು ಮಾಡಿ. ಅರ್ಧ ದಿನ ಕೆಲಸ ನಿಲ್ಲುತ್ತದೆ, ನಿಜ. ಆದರೆ ವರ್ಷಗಟ್ಟಲೆ ಕೂತು ಮಾಡಿದ್ದನ್ನು ಇನ್ನೊಮ್ಮೆ ಮೊದಲಿನಿಂದ ಮಾಡುವಷ್ಟು ಕಣ್ಣು, ಬೆನ್ನು ನಮ್ಮಲ್ಲಿ ಎಷ್ಟು ಜನರಿಗೆ ಉಳಿದಿದೆ?